ಸೇತುರಾಮಯ್ಯನವರ ಫೇರ್ ಕಾಪಿ

ಫೀಲ್ಡ್ ಬುಕ್ ಹೊಲದಲ್ಲಿ, ಫೇರ್ ಕಾಪಿ ಮನೆಯಲ್ಲಿ. ಭೂಮಾಪನ ಇಲಾಖೆಯಲ್ಲಿ ಮೂವತ್ತಮೂರು ವರ್ಷ ದುಡಿದ ಸೇತುರಾಮಯ್ಯನವರು ಕೊನೆಯವರೆಗೂ ಬಿಡದೆ ಪಾಲಿಸಿದ ನಿಯಮ ಇದೊಂದೇ. ಹೊಲದಲ್ಲಿ ಬಿಸಿಲು, ಬೆವರು, ಗಾಳಿ, ಹೆಗಲ ಮೇಲಿಂದ ಇಣುಕಿ ನೋಡುವ ಜನ. ಅಲ್ಲಿ ಪೆನ್ಸಿಲಿನಲ್ಲಿ ಗೀಚಿಕೊಂಡು ಬರಬೇಕು. ಮನೆಗೆ ಬಂದು, ಸ್ನಾನ ಮಾಡಿ, ಕಾಫಿ ಕುಡಿದು, ಮೇಜಿನ ಮುಂದೆ ಕೂತು ದುಂಡಗಿನ ಅಕ್ಷರದಲ್ಲಿ ಫೇರ್ ಕಾಪಿ ಬರೆಯಬೇಕು. ಒಳ್ಳೆಯ ನಿಯಮವೇ, ಯಾರೂ ಅಲ್ಲವೆನ್ನಲಾರರು. ಆದರೆ ಇದೇ ನಿಯಮದ ದೆಸೆಯಿಂದ ಜೆ.ಪಿ. ನಗರ ಆರನೇ ಹಂತದ ಒಂದು ಬೀದಿಯಲ್ಲಿ ದನಗಳಿಗೆ ನೀರಿನ ಹೊಂಡ ತೋಡಲು ಜೆಸಿಬಿ ಬಂದು ನಿಂತಿತು. ಅದು ಹೇಗೆ ಬಂತು, ಆಮೇಲೆ ಹೇಗೆ ಹೋಯಿತು ಎನ್ನುವುದನ್ನು ಕ್ರಮವಾಗಿ ಹೇಳುವುದೇ ಒಳ್ಳೆಯದು, ಏಕೆಂದರೆ ಆ ಬೀದಿಯಲ್ಲಿ ಈಗಲೂ ನಾಲ್ಕು ಥರ ಹೇಳುತ್ತಾರೆ.

ನಿವೃತ್ತರಾಗಿ ಮೂರು ವರ್ಷವಾದ ಮೇಲೆ ಸೇತುರಾಮಯ್ಯನವರಿಗೆ ಒಂದು ತಾತ್ಕಾಲಿಕ ಕೆಲಸ ಸಿಕ್ಕಿತು. ಜಯನಗರದಲ್ಲಿ ಒಂದು ಸಣ್ಣ ಸಂಸ್ಥೆ. ಹಳ್ಳಿಗಳ ನೆಲವನ್ನು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ, ಯಾವ ಹೊಲ ಯಾವ ಬೆಳೆಗೆ ತಕ್ಕದ್ದು, ಎಲ್ಲಿ ಹೊಂಡ ತೋಡಬೇಕು, ಎಲ್ಲಿ ಗಿಡ ನೆಡಬೇಕು ಎಂದು ಪಂಚಾಯಿತಿಗಳಿಗೆ ಯೋಜನೆ ಮಾಡಿಕೊಡುವುದು ಅದರ ಕೆಲಸ. ಈ ವಿದ್ಯೆಗೆ ಜಿಐಎಸ್ ಎಂದು ಹೆಸರು. ಅಲ್ಲಿ ನಕ್ಷೆಯ ಉಸ್ತುವಾರಿಯೆಲ್ಲ ಪ್ರಿಯಾಂಕಾ ಎಂಬ ಹುಡುಗಿಯದು. ಬಾಗಲಕೋಟೆ ಕಡೆಯವಳು, ಬಿಟಿಎಂ ಲೇಔಟಿನ ಪಿಜಿಯಲ್ಲಿ ವಾಸ. ಮೊದಲ ದಿನವೇ ಅವಳು ಸೇತುರಾಮಯ್ಯನವರನ್ನು ಕೂರಿಸಿಕೊಂಡು ಪಾಠ ಹೇಳಿದಳು.

"ಮಣ್ಣಿಂದು ಒಂದು ಪದರ, ಇಳಿಜಾರಿಂದು ಒಂದು ಪದರ, ನೀರಿಂದು ಒಂದು ಪದರ. ಒಂದರ ಮ್ಯಾಲೊಂದು ಇಟ್ಟು ನೋಡಿದ್ರ ನೆಲದ ಯೋಗ್ಯತಾ ತಾನಾಗೇ ಗೊತ್ತಾಗತೈತ್ರಿ ಸರ್."

"ಚಿರೋಟಿ ಇದ್ದ ಹಾಗೆ ಅನ್ನಿ."

"ಹಂಗ ಅನ್ಕೋರಿ. ನೀವು ಊರಾಗ ನಲವತ್ತೆರಡು ಜಾಗ ನೋಡಿ, ವಿವರ ಈ ಆ್ಯಪ್‌ನಾಗ ತುಂಬಬೇಕ್ರಿ. ಒಂದೊಂದು ಜಾಗಕ್ಕ ಒಂದೊಂದು ಬಿಂದು. ಜಾಗ ಎಲ್ಲಿ ಅನ್ನೋದನ್ನ ಅದ ತಗೋತೈತ್ರಿ. ನೀವು ಬರೇ ಸೇವ್ ಒತ್ತಿದ್ರ ಸಾಕು."

ಜಾಗವನ್ನು ಅದೇ ತೆಗೆದುಕೊಳ್ಳುತ್ತದೆ ಎಂಬ ಮಾತನ್ನು ಸೇತುರಾಮಯ್ಯನವರು ಕೇಳಿದರು, ತಲೆಯಾಡಿಸಿದರು, ಫೀಲ್ಡ್ ಬುಕ್ಕಿನಲ್ಲಿ ಬರೆದೂ ಕೊಂಡರು. ಸೇವ್ ಒತ್ತುವಾಗ ಫೋನು ಎಲ್ಲಿರುತ್ತದೋ ಆ ಜಾಗವನ್ನೇ ಅದು ತೆಗೆದುಕೊಳ್ಳುತ್ತದೆ ಎನ್ನುವುದು ಮಾತ್ರ ಅವರ ತಲೆಗೆ ಹೋಗಲಿಲ್ಲ. ಊರಿನ ಹೆಸರು, ಸರ್ವೆ ನಂಬರು ಎರಡನ್ನೂ ಬರೆದ ಮೇಲೆ ಜಾಗ ಯಾವುದೆಂದು ಅದಕ್ಕೆ ತಿಳಿಯಬೇಡವೇ ಎಂಬುದು ಅವರ ಲೆಕ್ಕಾಚಾರ. ಇಲಾಖೆಯಲ್ಲಿ ಅಷ್ಟು ಬರೆದರೆ ಸಾಕಾಗುತ್ತಿತ್ತು.

ಅವರ ಪಾಲಿಗೆ ಬಂದ ಊರು ಕಗ್ಗಲೀಪುರ ದಾಟಿ ಒಳಗೆ ಹೋದರೆ ಸಿಗುವ ಕಲ್ಲುಗುಡ್ಡೆಪಾಳ್ಯ. ಮೂರು ದಿನ ಬಸ್ಸಿನಲ್ಲಿ ಹೋಗಿ ಬಂದರು. ಫೋನಿಗೆ ಬಿಸಿಲು ತಾಗಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೊಸರನ್ನದ ಡಬ್ಬಿಯ ಪಕ್ಕದಲ್ಲಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಊರೆಲ್ಲ ಸುತ್ತಿದರು. ಕೆಲಸದಲ್ಲಿ ಕಳ್ಳಾಟ ಅವರಿಗೆ ಗೊತ್ತಿಲ್ಲ. ಹೊಲಕ್ಕಿಳಿದು ಮಣ್ಣು ಹಿಚುಕಿ ನೋಡಿದರು, ಆಳ ಅಳೆದರು, ಕಲ್ಲು ಎಣಿಸಿದರು, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡರು.

ಊರಿನಲ್ಲಿ ಮೊದಲು ಸಿಕ್ಕವಳು ಮುನಿಯಕ್ಕ. ಅರವತ್ತರ ಆಸುಪಾಸಿನ ಹೆಂಗಸು, ಎರಡೆಕರೆ ಹೊಲ, ಮೂರು ಹಸು. ಅವಳ ಮನೆಯ ಜಗಲಿಯ ಮೇಲೆ ಮಜ್ಜಿಗೆ ಕುಡಿದು ಸೇತುರಾಮಯ್ಯನವರು ಒಂದನೇ ಬಿಂದು ಎಂದು ಬರೆದುಕೊಂಡದ್ದು 'ಮುನಿಯಕ್ಕನ ಮನೆ.' ಆಮೇಲೆ ಅವಳು ಅವರನ್ನು ಹೊಲದ ಮೂಲೆಗೆ ಕರೆದುಕೊಂಡು ಹೋಗಿ, ಕೆಂಪು ಬಟ್ಟೆ ಕಟ್ಟಿದ ಒಂದು ಕೋಲು ತೋರಿಸಿದಳು.

"ಮಳೆ ಬಂದ್ರೆ ನೀರು ಬಂದು ನಿಲ್ಲೋದು ಇಲ್ಲೇ ಸಾಮಿ. ಇಲ್ಲಿ ಹೊಂಡ ಆದ್ರೆ ನಮ್ ಕಡೆ ಮೂಡ್ಲು ಮನೆಗಳ ದನಕ್ಕೆಲ್ಲಾ ಆಯ್ತದೆ. ಈಗ ನೀರಿಗೆ ಅಂತ ದನ ಹೊಡ್ಕೊಂಡು ಎರಡು ಮೈಲಿ ಹೋಯ್ತೀವಿ. ಗ್ರಾಮಸಭೆಲಿ ಒಪ್ಪವ್ರೆ. ನೀವು ಗುರುತು ಹಾಕಿದ ಜಾಗದಲ್ಲೇ ತೋಡೋದಂತೆ, ಸರಿಯಾಗಿ ಹಾಕ್ಬುಡಿ."

ಸೇತುರಾಮಯ್ಯನವರು ಸುತ್ತ ನಡೆದು ನೋಡಿದರು. ಇಳಿಜಾರು ಸರಿಯಾಗಿತ್ತು, ಜೇಡಿಮಣ್ಣು, ನೀರು ಇಂಗಿ ಹೋಗದ ನೆಲ. ಅವಳು ತೋರಿಸಿದ ಜಾಗದಲ್ಲಿ ಒಂದಡಿಯೂ ಆಚೀಚೆ ಮಾಡಬೇಕಾದ್ದಿರಲಿಲ್ಲ. "ನೀವೇನೂ ಯೋಚನೆ ಮಾಡ್ಬೇಡಿ ಮುನಿಯಕ್ಕ. ಮೂವತ್ತಮೂರು ವರ್ಷದಲ್ಲಿ ನನ್ನ ಗುರುತು ಒಂದು ಗೇಣು ತಪ್ಪಿಲ್ಲ" ಎಂದು ಹೇಳಿ, ಹದಿನೇಳನೇ ಬಿಂದು ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು.

ನಾಲ್ಕನೆಯ ದಿನ ಬೆಳಿಗ್ಗೆ ಸ್ನಾನ, ಕಾಫಿ ಮುಗಿಸಿ ಊಟದ ಮೇಜಿನ ಮೇಲೆ ಫೀಲ್ಡ್ ಬುಕ್ ಬಿಡಿಸಿಟ್ಟರು. ಫೋನು ತೆಗೆದರು. ಕೈಯನ್ನು ಮತ್ತೊಮ್ಮೆ ತೊಳೆದರು. ಮುನಿಯಕ್ಕನ ಮನೆಯ ವಿವರ ತುಂಬಿ ಸೇವ್ ಒತ್ತಿದರು. ಫೋನು ಸಂತೋಷವಾಗಿ ತೆಗೆದುಕೊಂಡಿತು. ಎರಡನೆಯದನ್ನು ಒತ್ತಿದರು. 'ಇಪ್ಪತ್ತು ಮೀಟರ್ ಒಳಗೆ ಈಗಾಗಲೇ ಒಂದು ಬಿಂದು ಇದೆ' ಎಂದಿತು. ಮತ್ತೆ ಒತ್ತಿದರು. ಮತ್ತೆ ಅದನ್ನೇ ಹೇಳಿತು.

ಅವರ ಹೆಂಡತಿ ವಾರಿಜಮ್ಮ ಅಡುಗೆಮನೆಯಿಂದ ಬಂದು ನೋಡಿದರು. "ಅಲ್ಲಿ ಹೋದಾಗಲೇ ತುಂಬ್ಕೊಂಡು ಬರೋದಲ್ವಾ?"

"ಹೊಲದಲ್ಲಿ ಯಾರಾದ್ರೂ ಫೇರ್ ಕಾಪಿ ಮಾಡ್ತಾರೇನೇ?"

"ಹಾಗಿದ್ರೆ ಸ್ವಲ್ಪ ಆಚೆ ಹೋಗಿ ನೋಡಿ. ನಮ್ಮ ತಂಗಿಗೆ ಫೋನ್ ಮಾಡೋಕೆ ನಾನೂ ಗೇಟ್ ತನಕ ಹೋಗ್ತೀನಲ್ಲ. ಒಳಗೆ ಸಿಗ್ನಲ್ ಇರಲ್ಲ."

ಸೇತುರಾಮಯ್ಯನವರು ಗೇಟಿನಾಚೆ ಹೋಗಿ, ಎಳನೀರು ಮಾರುವವನ ಹತ್ತಿರ ನಿಂತು ಒತ್ತಿದರು. ತಕ್ಷಣ ತೆಗೆದುಕೊಂಡಿತು. ಮೂರನೆಯದಕ್ಕೆ ಮತ್ತೆ ತಕರಾರು. ಇನ್ನಷ್ಟು ಮುಂದೆ ಹೋದರು, ತೆಗೆದುಕೊಂಡಿತು. ಯಂತ್ರದ ಸ್ವಭಾವ ಅವರಿಗೆ ಅರ್ಥವಾಗಿ ಹೋಯಿತು: ಒಂದೊಂದು ಬಿಂದುವಿಗೂ ಇಪ್ಪತ್ತು ಮೂವತ್ತು ಹೆಜ್ಜೆ ನಡೆಸಿದರೆ ಅದು ಖುಷಿಯಾಗಿರುತ್ತದೆ. ಡಾಕ್ಟರೂ ನಡೆಯಲು ಹೇಳಿದ್ದರು. ಒಂದೇ ಏಟಿಗೆ ಎರಡು ಕೆಲಸವಾಯಿತಲ್ಲ ಎಂದುಕೊಂಡು, ಮೂರು ದಿನ ಬೆಳಗಿನ ವಾಕಿಂಗಿನಲ್ಲಿ ಅವರು ಕಲ್ಲುಗುಡ್ಡೆಪಾಳ್ಯದ ನಲವತ್ತೆರಡು ಬಿಂದುಗಳನ್ನೂ ಜೆ.ಪಿ. ನಗರದ ಬೀದಿಗಳಲ್ಲಿ ನೆಟ್ಟು ಮುಗಿಸಿದರು.

ಬೀದಿಯ ಜನ ಕುರುಡರಲ್ಲ. ನಿವೃತ್ತ ಸರ್ವೆಯರೊಬ್ಬರು ಮನೆ ಮನೆಯ ಮುಂದೆ ನಿಂತು, ಪುಸ್ತಕ ನೋಡಿ, ಫೋನು ಒತ್ತಿ, "ಕಲ್ಲುನೆಲ, ಆಳ ಒಂದಡಿ, ಉಪಯೋಗಕ್ಕಿಲ್ಲ" ಎಂದು ಗೊಣಗಿಕೊಂಡು ಮುಂದೆ ಹೋದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಬಡಾವಣೆ ಸಂಘದ ಕಾರ್ಯದರ್ಶಿ ಗುರುಶಾಂತಪ್ಪನವರು ಎರಡನೆಯ ದಿನ ತಮ್ಮ ಗೇಟಿನಲ್ಲೇ ಅವರನ್ನು ಹಿಡಿದರು. ಗುರುಶಾಂತಪ್ಪನವರು ಫುಟ್‌ಪಾತಿನ ಅರ್ಧ ಭಾಗಕ್ಕೆ ಹುಲ್ಲು ಹಾಸಿ, ಕುಂಡ ಜೋಡಿಸಿ, ಸುತ್ತ ಕಂಬಿ ಹಾಕಿಸಿದ್ದ ಮನುಷ್ಯ. ಅವರಿಗೆ ಅಳತೆ ಎಂದರೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ.

"ಏನ್ ಸಾರ್ ಇದು ಸರ್ವೆ? ರಸ್ತೆ ಅಗಲ ಮಾಡ್ತಾರಾ?"

"ಸರ್ಕಾರಿ ಯೋಜನೆ. ಹೇಳೋ ಹಾಗಿಲ್ಲ" ಎಂದರು ಸೇತುರಾಮಯ್ಯನವರು. ಹೇಳಬಾರದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಆದರೆ ನಿವೃತ್ತರಾದ ಮೇಲೆ ಅವರನ್ನು ಯಾರೂ 'ಏನ್ ಸಾರ್ ಇದು' ಎಂದು ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ.

"ನಮ್ಮ ಮನೆ ಏನಾದ್ರೂ...?"

ಸೇತುರಾಮಯ್ಯನವರು ಪುಸ್ತಕ ನೋಡಿದರು. "ಇದು ಹದಿನೇಳು. ಮುಖ್ಯವಾದ ಬಿಂದು" ಎಂದು ಸೇವ್ ಒತ್ತಿ ಹೊರಟುಹೋದರು. ಗುರುಶಾಂತಪ್ಪನವರು ಆ ದಿನ ತಿಂಡಿ ತಿನ್ನಲಿಲ್ಲ.

ಅಂದಿನಿಂದ ಸೇತುರಾಮಯ್ಯನವರ ಕಾಲ ತಿರುಗಿತು. ಅವರ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಿದ್ದವರು ನಿಲ್ಲಿಸುವುದನ್ನು ಬಿಟ್ಟರು. ಪಕ್ಕದ ಮನೆಯಿಂದ ಅವರೆಕಾಳಿನ ಉಪ್ಪಿಟ್ಟು ಬಂತು, ಮೂಲೆಮನೆಯಿಂದ ಒಬ್ಬಟ್ಟು ಬಂತು. ಸಂಘದ ಸಭೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಅವರಿಗೆ ಮೀಸಲಾಯಿತು. ಮೆಟ್ರೋ ಬರುತ್ತದೆ ಎಂದು ಕೆಲವರು, ಫ್ಲೈಓವರ್ ಎಂದು ಕೆಲವರು ಹೇಳತೊಡಗಿದರು. ಸೇತುರಾಮಯ್ಯನವರು ಯಾವುದಕ್ಕೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮುಗುಳ್ನಕ್ಕು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು.

"ನೀವು ಹಳ್ಳಿ ಕೆಲಸ ಮಾಡ್ತಿದ್ದೀರಿ ಅಂತ ಹೇಳಿಬಿಡಿ. ಪಾಪ, ಹೆದರ್ಕೊಂಡಿದ್ದಾರೆ" ಎಂದರು ವಾರಿಜಮ್ಮ.

"ಹೇಳ್ತೀನಿ. ಅವಸರ ಏನು" ಎಂದರು ಇವರು.

ಇತ್ತ ಪ್ರಿಯಾಂಕಾ ಅಕ್ಕನ ಸೀಮಂತದ ಕುಬಸಕ್ಕೆ ಎಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದಳು. ಅವಳು ಕಂಡಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು. ಅವಳಿಲ್ಲದ್ದರಿಂದ ಪಟ್ಟಿಯನ್ನು ಕಂಪ್ಯೂಟರ್ ಒಂದೇ ನೋಡಿತು. ಹೊಂಡ ಎಂದು ಬರೆದದ್ದನ್ನು ಆರಿಸಿ, ಜಾಗದ ಸಮೇತ ಜೆಸಿಬಿಯವನ ಫೋನಿಗೆ ಕಳಿಸಿ ಸುಮ್ಮನಾಯಿತು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಜೆಸಿಬಿ ಬೀದಿಯೊಳಗೆ ಬಂತು. ನಡೆಸುತ್ತಿದ್ದವನು ಹನಮಂತ, ವಿಜಯಪುರದ ಕಡೆಯವನು, ಬೆಂಗಳೂರಿಗೆ ಬಂದು ಮೂರು ತಿಂಗಳು. ಗುರುಶಾಂತಪ್ಪನವರ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಫೋನು ನೋಡಿ, ಕೆಳಗಿಳಿದು, ಸುಣ್ಣದ ಪುಡಿಯ ಡಬ್ಬ ತೆಗೆದುಕೊಂಡು ಹುಲ್ಲುಹಾಸಿನ ಮೇಲೆ ಗೆರೆ ಎಳೆಯಲು ಶುರುಮಾಡಿದ.

ಗುರುಶಾಂತಪ್ಪನವರು ಅರ್ಧ ಗಡ್ಡ ಬೋಳಿಸಿಕೊಂಡವರು ಹಾಗೇ ಓಡಿಬಂದರು. "ಏಯ್, ಏನಪ್ಪಾ ಮಾಡ್ತಿದ್ದೀಯ?"

"ಹೊಂಡ ತೋಡಾಕ ಬಂದೀನ್ರಿ ಸಾಹೇಬ್ರ."

"ಎಲ್ಲಿ?"

"ಇಲ್ಲೇ ರೀ. ಹದಿನೇಳನೇ ಬಿಂದು. ಗೋಲಿ ಹಸಿರ ಆತು ನೋಡ್ರಿ." ಹನಮಂತ ಫೋನು ತೋರಿಸಿದ. ಪರದೆಯ ಮೇಲೆ ಒಂದು ದುಂಡು ಚುಕ್ಕೆ ಹಸಿರಾಗಿ ಉರಿಯುತ್ತಿತ್ತು. "ಇದು ಹಸಿರ ಆದಲ್ಲಿ ತೋಡಬೇಕ್ರಿ. ಬ್ಯಾರೆ ಕಡೆ ತೋಡಿದ್ರ ಬಿಲ್ ಪಾಸ್ ಮಾಡೂದಿಲ್ರಿ ಅವರು."

"ಎಷ್ಟು ದೊಡ್ಡ ಹೊಂಡ?"

"ಮೂವತ್ತು ನಲವತ್ತು ರೀ."

ಬೆಂಗಳೂರಿನಲ್ಲಿ ಮೂವತ್ತು ನಲವತ್ತು ಎಂದರೆ ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ಗುರುಶಾಂತಪ್ಪನವರು ತಿರುಗಿ ತಮ್ಮ ಮನೆಯನ್ನು ತಳದಿಂದ ತಾರಸಿಯವರೆಗೆ ಒಮ್ಮೆ ನೋಡಿಕೊಂಡರು.

"ಅದು ನನ್ನ ಸೈಟಿನ ಅಳತೆ ಕಣಯ್ಯಾ."

"ಹೌದೇನ್ರಿ? ಹಂಗಾರ ಭಾಳ ಬರೋಬ್ಬರಿ ಆತು" ಎಂದ ಹನಮಂತ. ಅವನು ಕುಹಕವಾಡುವ ಮನುಷ್ಯನಲ್ಲ, ಕೆಲಸದವನು. "ಮನಿ ನೀವ ತಗಸ್ತೀರೋ, ನಾನ ತಗೀಲ್ಯೋ?"

ಐದು ನಿಮಿಷದಲ್ಲಿ ಇಡೀ ಬೀದಿ ಅಲ್ಲಿ ಸೇರಿತು. ಎದುರುಮನೆಯ ಪಾಪಯ್ಯನವರೂ ಬಂದರು. ಬಡಾವಣೆ ಆಗುವುದಕ್ಕೆ ಮುಂಚೆ ಇಲ್ಲಿದ್ದ ಹಳ್ಳಿಯ ಮನೆತನ ಅವರದು. ಕಾರ್ಖಾನೆಯಿಂದ ನಿವೃತ್ತರು, ಬೆಳಿಗ್ಗೆ ಬುದ್ಧವಂದನೆ ಮುಗಿಸದೆ ಯಾರ ಜೊತೆಗೂ ಮಾತಾಡದ ಗಂಭೀರ ಮನುಷ್ಯ. ಅವರು ಹನಮಂತನ ಫೋನು ಇಸಿದುಕೊಂಡು ಕನ್ನಡಕ ಏರಿಸಿ, ನಕ್ಷೆಯಲ್ಲಿ ತಮ್ಮ ಮನೆಯ ಮೇಲಿದ್ದ ಚುಕ್ಕೆಯನ್ನು ಒತ್ತಿದರು. 'ಬಿಂದು ಇಪ್ಪತ್ತಮೂರು. ಕಲ್ಲುನೆಲ. ಬೇಸಾಯಕ್ಕೆ ಯೋಗ್ಯವಲ್ಲ. ದನ ಮೇಯಿಸಲು ಮಾತ್ರ' ಎಂದು ಬಂತು. ಗುರುಶಾಂತಪ್ಪನವರ ಮನೆ ಹೊಂಡ. ಮೂಲೆಮನೆ ಉತ್ತಮ ರಾಗಿ ಭೂಮಿ. ಬೇಕರಿ ಇದ್ದ ಜಾಗ ಹಿಪ್ಪುನೇರಳೆಗೆ ತಕ್ಕದ್ದು.

"ಇದನ್ನ ಬರೆದೋರು ಯಾರು?" ಪಾಪಯ್ಯನವರ ದನಿ ಏರಲಿಲ್ಲ, ಆದರೆ ಮುಖ ಕೆಂಪಾಯಿತು. "ಈ ಜಾಗದಲ್ಲಿ ನಮ್ಮ ತಾತ ಒಂದು ವರ್ಷಾನೂ ಬಿಡದೆ ರಾಗಿ ತೆಗ್ದಿದ್ದಾರೆ. ಆ ಮೂಲೆಮನೆ ಇದೆಯಲ್ಲ, ಅದೇ ಕಲ್ಲುಬೋರೆ. ಅಲ್ಲಿ ಹುರುಳಿನೂ ಹುಟ್ತಿರಲಿಲ್ಲ. ಅದು ಉತ್ತಮ, ನಮ್ಮದು ದನ ಮೇಯೋ ಜಾಗ. ಇದ್ಯಾವ ನ್ಯಾಯ?"

ಮೂಲೆಮನೆಯವರಿಗೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತಮ್ಮ ನೆಲದ ಮೇಲೆ ಅಭಿಮಾನ ಹುಟ್ಟಿ, "ಕಂಪ್ಯೂಟರ್ ಸುಳ್ಳು ಹೇಳುತ್ತಾ ಸಾರ್" ಎಂದರು. ಮಾತಿಗೆ ಮಾತು ಬೆಳೆಯಿತು. ಮನೆ ಉಳಿಯುತ್ತದೋ ಇಲ್ಲವೋ ಎಂಬುದನ್ನು ಮರೆತು ಅರ್ಧ ಬೀದಿ ಯಾರ ಸೈಟು ಯಾವ ದರ್ಜೆ ಎಂದು ಜಗಳಕ್ಕೆ ನಿಂತಿತು. ಅಷ್ಟರಲ್ಲಿ ಯಾರೋ "ಸೇತುರಾಮಯ್ಯನೋರು ಬಂದ್ರು" ಎಂದರು, ಎಲ್ಲರೂ ದಾರಿ ಬಿಟ್ಟರು.

ಸೇತುರಾಮಯ್ಯನವರು ಹನಮಂತನ ಫೋನು ನೋಡಿದರು. ಹದಿನೇಳನೇ ಬಿಂದು, ಕಲ್ಲುಗುಡ್ಡೆಪಾಳ್ಯ, ದನಗಳ ಹೊಂಡ, ಜೇಡಿಮಣ್ಣು. ಅಕ್ಷರವೆಲ್ಲ ತಮ್ಮದೇ. ಚುಕ್ಕೆ ಮಾತ್ರ ಗುರುಶಾಂತಪ್ಪನವರ ಕ್ರೋಟನ್ ಕುಂಡದ ಮೇಲಿತ್ತು. ಅವರು ಪ್ರಿಯಾಂಕಾಗೆ ಫೋನ್ ಮಾಡಿದರು. ಅವಳು ಅಂದು ಬೆಳಿಗ್ಗೆಯೇ ಊರಿನಿಂದ ಬಂದು ಆಗಷ್ಟೇ ಕಂಪ್ಯೂಟರ್ ತೆರೆದಿದ್ದಳು.

"ಸರ್, ನಾನ ನಿಮಗ ಫೋನ್ ಮಾಡಾಕತ್ತಿದ್ನಿ. ನಿಮ್ಮ ಹಳ್ಳಿ ಪೂರಾ ನಿಮ್ಮ ಮನಿ ಸುತ್ತಾನ ಐತ್ರಿ. ನೀವು ಸೇವ್ ಎಲ್ಲಿ ಒತ್ತಿದ್ರಿ?"

"ಇಲ್ಲೇ. ವಾಕಿಂಗ್ ಹೋದಾಗ."

"ಸರ್, ಫೋನ್ ಎಲ್ಲಿ ಇರತೈತೋ ಅದ ಜಾಗ ರೀ. ಅದಕ್ಕ ಊರಿನ ಹೆಸರು ಓದಾಕ ಬರಂಗಿಲ್ಲ."

ಹನಮಂತ ಗಡಿಯಾರ ನೋಡಿಕೊಂಡ. "ಸಾಹೇಬ್ರ, ಇಲ್ಲಿ ತೋಡೂದಿಲ್ಲಂದ್ರ ನಾ ಹೊಂಟೆ. ಈ ಬಿಂದುವಿಗೆ ಇವತ್ತ ಸಂಜಿ ಆರರತನಕ ಟೈಮ್ ಐತ್ರಿ. ಆರರೊಳಗ ಚಾಲೂ ಮಾಡಿದ್ರ ನಾಳೆ ಮುಗಸ್ತೀನಿ. ಇಲ್ಲಾಂದ್ರ ಪಟ್ಟಿಯಿಂದ ಹೋತು. ನಾ ನಾಳೆ ಚನ್ನಪಟ್ಟಣದ ಕಡೆ. ಇನ್ನ ಮುಂದಿನ ವರ್ಷದ ಪಟ್ಟೀನ."

ಸೇತುರಾಮಯ್ಯನವರಿಗೆ ಒಂದು ದಾರಿ ಸುಲಭವಾಗಿತ್ತು. 'ಸರ್ಕಾರ ಯೋಜನೆ ಮುಂದಕ್ಕೆ ಹಾಕಿದೆ, ನಾನೇ ಮಾತಾಡಿ ನಿಲ್ಲಿಸಿದೆ' ಎಂದು ಒಂದು ಮಾತು ಹೇಳಿದ್ದರೆ ಗುರುಶಾಂತಪ್ಪನವರು ಅಲ್ಲೇ ಅವರ ಕಾಲಿಗೆ ಬೀಳುತ್ತಿದ್ದರು, ಒಬ್ಬಟ್ಟು ವರ್ಷವಿಡೀ ಬರುತ್ತಿತ್ತು. ಮುನಿಯಕ್ಕ ಇನ್ನೊಂದು ವರ್ಷ ಮೂರು ಹಸು ಹೊಡೆದುಕೊಂಡು ಎರಡು ಮೈಲಿ ಹೋಗುತ್ತಿದ್ದಳು, ಅಷ್ಟೇ. ಸೇತುರಾಮಯ್ಯನವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ರಸ್ತೆ ಅಗಲಾನೂ ಇಲ್ಲ, ಮೆಟ್ರೋನೂ ಇಲ್ಲ" ಎಂದರು. "ಇದು ಹಳ್ಳಿ ಕೆಲಸ. ಹಳ್ಳಿಲಿ ನಿಂತು ಒತ್ತಬೇಕಾದ್ದನ್ನ ನಾನು ಇಲ್ಲಿ ನಿಂತು ಒತ್ತಿದ್ದೀನಿ. ತಪ್ಪು ನಂದು. ಈಗ ನನ್ನನ್ನ ಯಾರಾದ್ರೂ ಕಲ್ಲುಗುಡ್ಡೆಪಾಳ್ಯಕ್ಕೆ ಕರ್ಕೊಂಡು ಹೋಗ್ತೀರಾ?"

ಮೂಲೆಮನೆಯಾಕೆ "ಒಬ್ಬಟ್ಟು" ಎಂದಷ್ಟೇ ಹೇಳಿ ಒಳಗೆ ಹೋದರು. ಗುರುಶಾಂತಪ್ಪನವರು ನಗಬೇಕೋ ಬೈಯಬೇಕೋ ತಿಳಿಯದೆ ಉಳಿದರ್ಧ ಗಡ್ಡ ಬೋಳಿಸಲು ಹೋದರು. ಕೊನೆಗೆ ಪಾಪಯ್ಯನವರು ತಮ್ಮ ಹಳೆಯ ಆಮ್ನಿಯ ಕೀಲಿ ತಂದರು.

"ಬನ್ನಿ. ದನ ಮೇಯಿಸೋಕೆ ಮಾತ್ರ ಅಂತ ಬರೆದಿರೋ ನೆಲ ಹೇಗಿದೆ, ನಾನೂ ಒಂದ್ಸಲ ನೋಡ್ತೀನಿ."

ಕನಕಪುರ ರಸ್ತೆಯಲ್ಲಿ ಮುಂದೆ ಆಮ್ನಿ, ಹಿಂದೆ ಜೆಸಿಬಿ. ವಸಂತಪುರದ ಹತ್ತಿರ ಒಂದು ತಾಸು ಟ್ರಾಫಿಕ್, ಆಮೇಲೆ ಆಮ್ನಿಯ ಟೈರು ಪಂಕ್ಚರ್, ಆಮೇಲೆ ಹನಮಂತನ ಊಟ. ಹನಮಂತ ಊಟದ ವಿಷಯದಲ್ಲಿ ಅವಸರ ಮಾಡುವವನಲ್ಲ. ಕಲ್ಲುಗುಡ್ಡೆಪಾಳ್ಯ ಮುಟ್ಟಿದಾಗ ಮೂರೂಮುಕ್ಕಾಲು.

ಮುನಿಯಕ್ಕ ಹೊಲದ ಮೂಲೆಯಲ್ಲಿ ಕೂತಿದ್ದಳು. ಜೆಸಿಬಿ ಇವತ್ತು ಬರುತ್ತದೆಂದು ಪಂಚಾಯಿತಿಯವರು ಹೇಳಿದ್ದರಿಂದ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೂತವಳಂತೆ. ಕೋಲು ನಿಂತಲ್ಲೇ ಇತ್ತು, ಬಟ್ಟೆ ಮಾತ್ರ ಹೊಸದು.

"ಹಳೇದನ್ನ ಮೇಕೆ ತಿಂದ್ಬುಡ್ತು ಸಾಮಿ. ಗುರುತು ಹೋಗ್ಬಾರ್ದಲ್ಲ ಅಂತ ಬ್ಯಾರೆ ಕಟ್ದೆ."

ಸೇತುರಾಮಯ್ಯನವರಿಗೆ ಆ ಬಟ್ಟೆ ನೋಡಿ ನಾಚಿಕೆಯಾಯಿತು. "ಮುನಿಯಕ್ಕ, ನಾನು ಇಲ್ಲಿ ಬರೀಲಿಲ್ಲ. ಮನೆಗೆ ಹೋಗಿ ಬರೆದೆ. ಅದಕ್ಕೇ ಇಷ್ಟೆಲ್ಲಾ ಆಯ್ತು."

"ಬರ್ಯೋದು ಎಲ್ಲಾರಾ ಬರ್ಕೊಳಿ ಸಾಮಿ. ಹೊಂಡ ಮಾತ್ರ ಇಲ್ಲಿ ತೋಡ್ಸಿ."

ಅವರು ಕೋಲಿನ ಪಕ್ಕ ನಿಂತು, ಕೈ ತೊಳೆಯದೆ, ಬೆವರಿನಲ್ಲೇ ಹದಿನೇಳನೇ ಬಿಂದುವನ್ನು ತುಂಬಿ ಸೇವ್ ಒತ್ತಿದರು. 'ಈ ಸಂಖ್ಯೆಯ ಬಿಂದು ಬೇರೆ ಕಡೆ ದಾಖಲಾಗಿದೆ. ಮೊದಲು ಅಳಿಸಿ' ಎಂದಿತು ಫೋನು. ಅಳಿಸು ಎಂದು ಒತ್ತಿದರು. 'ಅಳಿಸಲು ಆ ಬಿಂದುವಿನ ಹತ್ತಿರ ಹೋಗಿ' ಎಂದಿತು.

"ಹೌದ್ರಿ ಸರ್" ಎಂದಳು ಪ್ರಿಯಾಂಕಾ, ಅವರು ಮತ್ತೆ ಫೋನ್ ಮಾಡಿದಾಗ. "ಕುಂತಲ್ಲಿಂದ ಯಾರೂ ಅಳಿಸಬಾರದು ಅಂತ ಹಂಗ ಮಾಡಿವ್ರಿ. ಆ ಜಾಗಕ್ಕ ಹೋಗಬೇಕು. ನಿಮ್ಮ ಹೆಸರಿಲೆ ಬ್ಯಾರೆ ಫೋನಿನ್ಯಾಗ ಒಳಗ ಹೋದ್ರೂ ನಡೀತೈತಿ. ಅಲ್ಲಿ ಯಾರರ ಅದಾರೇನ್ರಿ?"

ಇದ್ದವರು ವಾರಿಜಮ್ಮ. ಪ್ರಿಯಾಂಕಾ ಕಳಿಸಿದ ಆ್ಯಪನ್ನು ಅವರು ಒಂದು ಗಂಟೆ ಒದ್ದಾಡಿ ತಮ್ಮ ಫೋನಿಗೆ ಹಾಕಿಕೊಂಡು ಗುರುಶಾಂತಪ್ಪನವರ ಗೇಟಿಗೆ ಹೋದರು. ಅಳಿಸುವುದರಲ್ಲಿ ಎಲ್ಲರಿಗಿಂತ ಹೆಚ್ಚು ಶ್ರದ್ಧೆ ಗುರುಶಾಂತಪ್ಪನವರಿಗೆ. ಅವರು ವಾರಿಜಮ್ಮನವರಿಗೆ ಕುರ್ಚಿ ಹಾಕಿಸಿ, ಬಿಸಿಲಿಗೆ ಕೊಡೆ ಹಿಡಿದುಕೊಂಡು ನಿಂತರು. ಆಗ ಗಂಟೆ ಐದೂಕಾಲು.

"ಪಾಸ್‌ವರ್ಡ್ ಕೇಳ್ತಿದೆ" ಎಂದರು ವಾರಿಜಮ್ಮ, ಫೋನಿನ ಸ್ಪೀಕರಿನಲ್ಲಿ.

"ಫೀಲ್ಡ್ ಬುಕ್ಕಿನ ಕೊನೇ ಪುಟದಲ್ಲಿದೆ. ದೇವರ ಮನೇಲಿ ಇಟ್ಟಿದ್ದೀನಿ."

ವಾರಿಜಮ್ಮ ಮನೆಗೆ ಹೋಗಿ, ಪುಸ್ತಕ ಹುಡುಕಿ ತಂದು, ಮತ್ತೆ ಕೂತರು. ಓದಿಕೊಂಡರು. "ವಾರಿಜಾ, ಸಾವಿರದ ಒಂಬೈನೂರ ಎಂಬತ್ತೊಂಬತ್ತು. 'ನೆನಪಿಗೆ, ಮದುವೆಯಾದ ವರ್ಷ' ಅಂತ ಬೇರೆ ಬರೆದಿದ್ದೀರಿ."

"ಹೌದು, ಅದೇ."

"ನಮ್ಮ ಮದುವೆ ಆಗಿದ್ದು ಎಂಬತ್ತೆಂಟರಲ್ಲಿ."

ಹನಮಂತ ಇಂಜಿನ್ ಆರಿಸಿದ. ಪಾಪಯ್ಯನವರು ದೂರದ ಗುಡ್ಡದ ಕಡೆ ನೋಡತೊಡಗಿದರು. ಆ ತುದಿಯಲ್ಲಿ ಕೊಡೆ ಹಿಡಿದಿದ್ದ ಗುರುಶಾಂತಪ್ಪನವರು, "ಮೇಡಂ, ಆ ವಿಷಯ ಆಮೇಲೆ ಮಾತಾಡ್ಕೊಬಹುದಲ್ವಾ" ಎಂದು ದೈನ್ಯದಿಂದ ಹೇಳಿದ್ದು ಇಲ್ಲಿಗೂ ಕೇಳಿಸಿತು.

"ಪಾಸ್‌ವರ್ಡು ತಪ್ಪಾಗೇ ಇರಬೇಕು ಕಣೇ. ಸರಿ ಇದ್ರೆ ಯಾರು ಬೇಕಾದ್ರೂ ಊಹೆ ಮಾಡ್ಬಿಡ್ತಾರೆ" ಎಂದರು ಸೇತುರಾಮಯ್ಯನವರು.

ವಾರಿಜಮ್ಮ ಆ ತಪ್ಪು ವರ್ಷವನ್ನೇ ಹಾಕಿ ಒಳಗೆ ಹೋಗಿ ಅಳಿಸು ಎಂಬುದನ್ನು ಒತ್ತಿದರು. ಗುರುಶಾಂತಪ್ಪನವರ ಕ್ರೋಟನ್ ಕುಂಡ ಬಿಡುಗಡೆಯಾಯಿತು. ಸೇತುರಾಮಯ್ಯನವರು ಇಲ್ಲಿ ಸೇವ್ ಒತ್ತಿದರು. ಹನಮಂತ ತನ್ನ ಫೋನು ಹಿಡಿದು ನಿಂತ. ಚುಕ್ಕೆ ಕೆಂಪಾಗಿತ್ತು, ಸ್ವಲ್ಪ ಹೊತ್ತು ಕೆಂಪಾಗಿಯೇ ಇತ್ತು, ಆಮೇಲೆ ಹಸಿರಾಯಿತು. ಹನಮಂತ ಕೋಲು ಕಿತ್ತು ಮುನಿಯಕ್ಕನ ಕೈಗೆ ಕೊಟ್ಟು, ಗಾಡಿ ಹತ್ತಿ, ಐದೂಮುಕ್ಕಾಲಿಗೆ ಮೊದಲ ಬಕೆಟ್ ಮಣ್ಣು ಎತ್ತಿದ.

ಆ ಮಣ್ಣಿನಲ್ಲಿ ಒಂದು ಹಿಡಿ ತೆಗೆದುಕೊಂಡು ಪಾಪಯ್ಯನವರು ಹಿಚುಕಿ ನೋಡಿದರು. "ಒಳ್ಳೇ ಜೇಡಿ. ನೀರು ನಿಲ್ಲುತ್ತೆ. ಬರೆದಿರೋದರಲ್ಲಿ ತಪ್ಪಿಲ್ಲ ಸಾರ್" ಎಂದರು. ಆ ದಿನ ಸೇತುರಾಮಯ್ಯನವರಿಗೆ ಸಿಕ್ಕ ಮರ್ಯಾದೆ ಅದೊಂದೇ. ಅವರು ಅದನ್ನು ತುಂಬ ದಿನ ನೆನಪಿನಲ್ಲಿಟ್ಟುಕೊಂಡರು.

ಉಳಿದ ಬಿಂದುಗಳನ್ನು ಸರಿಮಾಡಲು ಎರಡು ವಾರ ಹಿಡಿಯಿತು. ಬೆಳಿಗ್ಗೆ ಜೆ.ಪಿ. ನಗರದಲ್ಲಿ ಮನೆ ಮನೆಯ ಮುಂದೆ ನಿಂತು ಅಳಿಸುವುದು, ಬಸ್ಸು ಹಿಡಿದು ಕಲ್ಲುಗುಡ್ಡೆಪಾಳ್ಯಕ್ಕೆ ಹೋಗಿ ಹೊಲದಲ್ಲಿ ನಿಂತು ಒತ್ತುವುದು. ಬೀದಿಯವರು ಈಗ ತಿಂಡಿ ಕೊಡುತ್ತಿರಲಿಲ್ಲ. "ಸಾರ್, ನಮ್ಮ ರಾಗಿ ಹೊಲ ಅಳಿಸಿದ್ರಾ?" ಎಂದು ಕೇಳುತ್ತಿದ್ದರು. ಗೇಟಿಗೆ ಅಡ್ಡವಾಗಿ ಕಾರು ಮತ್ತೆ ನಿಲ್ಲತೊಡಗಿತು. ಸೇತುರಾಮಯ್ಯನವರು ಎರಡರಿಂದ ನಲವತ್ತೆರಡರವರೆಗೆ ಒಂದೂ ಬಿಡದೆ ಸರಿಮಾಡಿದರು. ಒಂದನೆಯದನ್ನು ಮುಟ್ಟಲಿಲ್ಲ. ಫೋನು ತಕರಾರು ತೆಗೆದದ್ದು ಎರಡನೆಯದರಿಂದ, ಒಂದನೆಯದನ್ನು ಅದು ಸಂತೋಷವಾಗಿ ತೆಗೆದುಕೊಂಡಿತ್ತು, ಆದ್ದರಿಂದ ಅದು ಸರಿಯಾಗಿಯೇ ಇರಬೇಕು. ಇದು ಅವರ ತರ್ಕ. ಇಷ್ಟೆಲ್ಲ ಆದ ಮೇಲೂ ಇದು ಅವರ ತರ್ಕ.

ಮೊದಲ ಮಳೆ ಬಂದು ಹೋದ ವಾರ, ಒಂದು ಮಧ್ಯಾಹ್ನ, ಸೇತುರಾಮಯ್ಯನವರ ಗೇಟಿನ ಮುಂದೆ ಆಟೋ ನಿಂತಿತು. ಇಳಿದವಳು ಮುನಿಯಕ್ಕ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಮಗಳ ಫೋನು.

"ಹೊಂಡದಲ್ಲಿ ಸೊಂಟದ ಮಟ್ಟ ನೀರು ನಿಂತದೆ ಸಾಮಿ. ಸೋಮವಾರ ಗಂಗಮ್ಮನ ಪೂಜೆ, ಇಬ್ರೂ ಬರ್ಬೇಕು" ಎಂದಳು.

"ಮನೆ ಹೇಗೆ ಗೊತ್ತಾಯ್ತು ನಿಮಗೆ?" ಎಂದರು ಸೇತುರಾಮಯ್ಯನವರು.

"ಪಂಚಾಯ್ತಿಯೋರು ಎಲ್ಲಾರ ಫೋನಿಗೂ ಅವರವರ ಮನೆ ನಕ್ಷೆ ಕಳಿಸವ್ರೆ. ನನ್ ಮಗಳು ಒತ್ತಿ ನೋಡಿದ್ಲು. 'ಅವ್ವಾ, ನಮ್ಮನೆ ಬೆಂಗ್ಳೂರಲ್ಲದೆ' ಅಂದ್ಲು. ಇದು ಸಾಮಿಯೋರದೇ ಕೆಲಸ ಅಂತ ನನ್ಗೆ ಆಗ್ಲೇ ಗೊತ್ತಾಯ್ತು. ಆಟೋದವ್ನಿಗೆ ಫೋನ್ ಕೊಟ್ಟೆ, ಒಬ್ರನ್ನೂ ಕೇಳ್ದೆ ತಂದು ಬಿಟ್ಟ." ಮುನಿಯಕ್ಕ ಫೋನು ಮುಂದೆ ಹಿಡಿದಳು. 'ಮುನಿಯಕ್ಕನ ಮನೆ' ಎಂದು ಬರೆದ ಚುಕ್ಕೆ ಸರಿಯಾಗಿ ಸೇತುರಾಮಯ್ಯನವರ ಊಟದ ಮೇಜಿನ ಮೇಲೆ ಹಸಿರಾಗಿ ಉರಿಯುತ್ತಿತ್ತು.

ವಾರಿಜಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಮತ್ತೆ ಬಾಗಿಲಲ್ಲಿ ನಿಂತಿದ್ದೀರಲ್ಲ ಮುನಿಯಕ್ಕ. ನಿಮ್ಮ ಮನೆ, ಒಳಗೆ ಬನ್ನಿ" ಎಂದು ಅವಳನ್ನು ಮೇಜಿನ ಮುಂದೆ ಕೂರಿಸಿ ಎಲೆ ಹಾಕಿದರು.

ಸೇತುರಾಮಯ್ಯನವರ ಮುಖ ಸಣ್ಣದಾಗಿತ್ತು. "ನಿಮ್ಮ ಜಗಲಿ ಮೇಲೆ ನಿಂತು ಒತ್ತಬೇಕು. ಸೋಮವಾರ ಬಂದಾಗ ಮೊದಲು ಅದನ್ನೇ ಮಾಡ್ತೀನಿ. ಮರೆತು ಹೋಗುತ್ತೆ, ಇರಿ, ಈಗಲೇ ಬರೆದುಕೊಂಡುಬಿಡ್ತೀನಿ" ಎಂದು ಅವರು ಎದ್ದು ಹೋಗಿ, ಕೈ ತೊಳೆದುಕೊಂಡು ಬಂದು, ಫೀಲ್ಡ್ ಬುಕ್ ಬಿಡಿಸಿದರು.

ವಾರಿಜಮ್ಮ ಅನ್ನದ ಪಾತ್ರೆ ಕೆಳಗಿಟ್ಟು, ಅವರ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಹೋಗಿ ಒಗ್ಗರಣೆ ಡಬ್ಬಿಯೊಳಗೆ ಹಾಕಿ ಮುಚ್ಚಿದರು.